ಮುಕ್ಕಾಲಾಗಿ ಬಂದ ಅನ್ನಪೂರ್ಣ

ಆಚಾರ್ರು ಹಲಗೆ ಮೇಲಿನ ಹೊಟ್ಟನ್ನು ಅಂಗೈಯಲ್ಲಿ ಸವರಿ, ಟೇಪು ಎಳೆದು ಇಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಟೇಪನ್ನು ತಿರುಗಿಸಿ ಅಕ್ಷರದ ಎತ್ತರವನ್ನೂ ನೋಡಿದರು.

"ಮೇಷ್ಟ್ರು ಎಷ್ಟು ಅಂದಿದ್ರವ್ವ?"

"ಇಪ್ಪತ್ನಾಲ್ಕು ಇಂಚು ಆಚಾರ್ರೇ. ಅಕ್ಷರ ನಾಲ್ಕಿಂಚು."

"ಇದು ಹದಿನೆಂಟೈತೆ. ಅಕ್ಷರ ಮೂರು. ಸರ್ಯಾಗಿ ಮುಕ್ಕಾಲಾಗೈತೆ ಕಣವ್ವ."

ಮಂಡ್ಯದ ಗುತ್ತಲು ರಸ್ತೆಯಲ್ಲಿ ನಮ್ಮದೊಂದು ಸಣ್ಣ ಶೆಡ್. ಒಳಗೆ ಎಂಟಡಿ ನಾಲ್ಕಡಿಯ ಒಂದು ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯುವ ಮಷೀನು), ಒಂದು ಹಳೇ ಕಂಪ್ಯೂಟರ್, ಗೋಡೆಗೆ ಒರಗಿಸಿದ ಹಲಗೆಗಳು. ಅವತ್ತು ಮಷೀನಿನ ಮೇಲೆ ಇದ್ದದ್ದು ಮೇಷ್ಟ್ರ ಹೊಸ ಮನೆಯ ಹೆಸರು: ಅನ್ನಪೂರ್ಣ. ಅದು ಅವರ ತಾಯಿಯ ಹೆಸರು. ಮರವೂ ಅವರದೇ. ಊರಿನ ಹಳೇ ಮನೆ ಬಿಚ್ಚಿದಾಗ ಸಿಕ್ಕ ತೇಗದ ತೊಲೆಯನ್ನು ಸೀಳಿಸಿ, 28 ಇಂಚಿನ ಎರಡು ಹಲಗೆ ಮಾಡಿಸಿ ತಂದುಕೊಟ್ಟಿದ್ದರು. ಗೃಹಪ್ರವೇಶಕ್ಕೆ ಆರು ದಿನ ಇತ್ತು. ಅಂಥ ಮರದ ಒಂದು ಹಲಗೆಯನ್ನು ನಾನು ತಪ್ಪು ಅಳತೆಯಲ್ಲಿ ಕೊರೆದಿಟ್ಟಿದ್ದೆ. ಮನಸ್ಸಿಗೆ ಬಹಳ ನೋವಾಯಿತು.

ಆದರೆ ಆಚಾರ್ರ ಬಾಯಿಂದ ಬಂದ ಆ ಒಂದು ಮಾತು, ಮುಕ್ಕಾಲು, ತಪ್ಪು ಎಲ್ಲಿ ಕೂತಿದೆ ಅಂತ ನನಗೆ ತೋರಿಸಿಕೊಟ್ಟಿತು. ಬೆಲ್ಟ್ ಸಡಿಲವಾಗಿಯೋ ಮರ ಅಲುಗಾಡಿಯೋ ಕೆಟ್ಟಿದ್ದರೆ ಹದಿನೇಳೂವರೆಯೋ ಹತ್ತೊಂಬತ್ತೋ ಬರುತ್ತಿತ್ತು. ಅಡ್ಡಕ್ಕೂ ಉದ್ದಕ್ಕೂ ನೂಲು ಹಿಡಿದ ಹಾಗೆ ಮುಕ್ಕಾಲೇ ಬಂದಿದೆ ಅಂದರೆ ಅದು ಮಷೀನಿನ ತಪ್ಪಲ್ಲ, ಲೆಕ್ಕದ ತಪ್ಪು. 72ನ್ನು 96ರಿಂದ ಭಾಗಿಸಿದರೆ ಬರುವುದು ಮುಕ್ಕಾಲು.

ಇಷ್ಟು ಹೇಳಿದರೆ ಈ ಕೆಲಸದಲ್ಲಿರುವವರಿಗೆ ಅರ್ಥವಾಗಿಬಿಡುತ್ತೆ. ಉಳಿದವರಿಗೆ ಬಿಡಿಸಿ ಹೇಳುತ್ತೇನೆ. ಚಿತ್ರ ಬರೆಯುವವರು ಮತ್ತು ಮರ ಕೊರೆಯುವವರು ಇಬ್ಬರೂ ಇದನ್ನು ತಿಳಿದಿರಬೇಕು ಅನ್ನೋದು ನನ್ನ ಆಸೆ. ನಡುವೆ ಸಿಕ್ಕಿಕೊಂಡು ಹಾಳಾಗುವುದು ಮರ.

ಡಿಸೈನ್ ಮಾಡಿದ್ದು ಮೇಷ್ಟ್ರ ಅಣ್ಣನ ಮಗ, ಬೆಂಗಳೂರಿನಲ್ಲಿ. ಚೆನ್ನಾಗಿ ಬರೆಯುವ ಹುಡುಗ. ಎಸ್‌ವಿಜಿ ಫೈಲ್ ಕಳಿಸಿದ್ದ. ಎಸ್‌ವಿಜಿಯಲ್ಲಿ ಫೋಟೋದ ಹಾಗೆ ಚುಕ್ಕಿಗಳು ಇರುವುದಿಲ್ಲ. ಈ ಬಿಂದುವಿನಿಂದ ಆ ಬಿಂದುವಿಗೆ ಹೀಗೆ ಬಾಗಿ ಹೋಗು ಅನ್ನುವ ಬರವಣಿಗೆ ಇರುತ್ತೆ, ಅಷ್ಟೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಓದಬಹುದು. ಅವತ್ತು ತೆರೆದು ಓದಿದೆ. ಅಗಲ 1728 ಅಂತಿತ್ತು. ಮಿಲಿಮೀಟರೋ ಇಂಚೋ, ಏನೂ ಬರೆದಿರಲಿಲ್ಲ. ಮುದ್ರಣದವರ ಅಳತೆ ಪಾಯಿಂಟು, ಇಂಚಿಗೆ 72. ಆ ಲೆಕ್ಕದಲ್ಲಿ 1728 ಅಂದರೆ 24 ಇಂಚು, ಹುಡುಗ ಬರೆದದ್ದು ಸರಿ. ವೆಬ್‌ನವರ ಅಳತೆ ಪಿಕ್ಸೆಲ್, ಇಂಚಿಗೆ 96. ಕೆತ್ತನೆಯ ಸಾಫ್ಟ್‌ವೇರ್ ಇಂಪೋರ್ಟ್ ಮಾಡಿಕೊಳ್ಳುವಾಗ ಆ ಲೆಕ್ಕ ಹಿಡಿಯಿತು. 1728 ಅಂದರೆ 18 ಇಂಚು. ಎರಡೂ ಕಡೆ ಲೆಕ್ಕ ಸರಿಯಾಗಿಯೇ ಇದೆ. ನಡುವೆ ನಿಂತು ಕೇಳಬೇಕಾದವಳು ನಾನು, ಕೇಳಲಿಲ್ಲ. ಅಕ್ಷರವನ್ನು ಹಲಗೆಯ ನಡುಮಧ್ಯಕ್ಕೆ ಕೂರಿಸಿ, ಅಂಚು ಧಾರಾಳವಾಗಿ ಸಿಕ್ಕಿದೆ ಅಂದುಕೊಂಡು ಸ್ಪಿಂಡಲ್ ಚಾಲೂ ಮಾಡಿದ್ದೆ.

ಮುಕ್ಕಾಲು ಆದರೆ ಟೇಪಿಗಾದರೂ ಸಿಗುತ್ತೆ. ಚಿತ್ರ ಬರೆಯುವ ಇಂಕ್‌ಸ್ಕೇಪ್ ಸಾಫ್ಟ್‌ವೇರ್ ಕೂಡ 2017ರಲ್ಲಿ ಬಂದ 0.92 ಆವೃತ್ತಿಯವರೆಗೆ ಇಂಚಿಗೆ 90 ಅನ್ನುವ ಲೆಕ್ಕ ಇಟ್ಟುಕೊಂಡಿತ್ತು, ಆಮೇಲೆ 96ಕ್ಕೆ ಬಂತು. ಹಳೇ ಫೈಲೊಂದನ್ನು ಹೊಸ ಲೆಕ್ಕದಲ್ಲಿ ತೆರೆದರೆ 24 ಇಂಚು ಇಪ್ಪತ್ತೆರಡೂವರೆ ಆಗುತ್ತೆ. ಇದು ಇನ್ನೂ ಅಪಾಯ. ಕಣ್ಣಿಗೆ ಸರಿಯಾಗಿಯೇ ಕಾಣುತ್ತೆ, ಬಾಗಿಲ ಚೌಕಟ್ಟಿಗೆ ಕೂರಿಸುವಾಗ ಮಾತ್ರ ಸಂದು ಬಿಡುತ್ತೆ. ಡಿಎಕ್ಸ್‌ಎಫ್ ಫೈಲಿನದು ಬೇರೆ ಕಥೆ. 1982ರಲ್ಲಿ ಎಂಜಿನಿಯರುಗಳ ಡ್ರಾಯಿಂಗ್ ಸಾಫ್ಟ್‌ವೇರ್ ಆಟೋಕ್ಯಾಡ್ ಜೊತೆ ಬಂದ ಆ ಫೈಲಿನಲ್ಲಿ ಅಳತೆ ಇಂಚೋ ಮಿಲಿಮೀಟರೋ ಅಂತ ಹೇಳುವ ಜಾಗ ಖಾಲಿ ಉಳಿಯೋದು ಉಂಟು. ಆಗ ಇಂಪೋರ್ಟ್ ಮಾಡುವವರೇ ಹೇಳಬೇಕು. ತಪ್ಪು ಹೇಳಿದರೆ 25.4 ಪಟ್ಟು ವ್ಯತ್ಯಾಸ. ಅದು ತಕ್ಷಣ ಗೊತ್ತಾಗುತ್ತೆ, ಅದರಿಂದ ಮರ ಹಾಳಾಗಿದ್ದು ನಾನು ಕಂಡಿಲ್ಲ.

ಈಗ ನಾನು ಮಾಡುವುದು ಇಷ್ಟೆ. ಡಿಸೈನ್ ಮಾಡುವವರಿಗೆ, ಚಿತ್ರದ ಪಕ್ಕದಲ್ಲಿ 100 ಮಿಲಿಮೀಟರ್ ಚೌಕ ಒಂದನ್ನು ಬರೆದು ಕಳಿಸಿ ಅಂತ ಕೇಳುತ್ತೇನೆ. ಇಂಪೋರ್ಟ್ ಆದ ಕೂಡಲೇ ಮೊದಲು ಆ ಚೌಕವನ್ನು ಅಳೆಯುತ್ತೇನೆ. 75 ಬಂತೋ, 93.75 ಬಂತೋ, ಕಾಯಿಲೆ ಏನು ಅಂತ ಅಲ್ಲೇ ಗೊತ್ತಾಗುತ್ತೆ. ಅಳೆದ ಮೇಲೆ ಚೌಕ ಅಳಿಸಿ ಮುಂದಕ್ಕೆ ಹೋಗುತ್ತೇನೆ.

ಈ ಕೆಲಸಕ್ಕೆ ಬರುವ ಮುಂಚೆ ಹನ್ನೊಂದು ವರ್ಷ ನಾನು ಡಿಟಿಪಿ ಮಾಡುತ್ತಿದ್ದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು. ಹಾಗಾಗಿ ಅನ್ನಪೂರ್ಣದ ಅಳತೆ ತಪ್ಪಿದರೂ ಅಕ್ಷರ ಮಾತ್ರ ಚೊಕ್ಕವಾಗಿ ಬಂದಿತ್ತು. ಅದರ ಹಿಂದಿನ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕನ್ನಡದಲ್ಲಿ ಕೊರೆಯುವವರು ಇದನ್ನು ಎಲ್ಲೂ ಓದಿ ಕಲಿತಿರೋದಿಲ್ಲ, ಮರ ಕೆಡಿಸಿಕೊಂಡೇ ಕಲಿತಿರುತ್ತಾರೆ.

ನಮ್ಮಲ್ಲಿ ಇವತ್ತಿಗೂ ಬಹಳ ಜನ ನುಡಿ ತಂತ್ರಾಂಶದ ಹಳೇ ಫಾಂಟುಗಳಲ್ಲೇ ಬರೆದು ಕಳಿಸುತ್ತಾರೆ. ಯೂನಿಕೋಡ್ ಅಲ್ಲದ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿವೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಬಣ್ಣ ಬಯಲಾಗುತ್ತೆ: ಅನ್ನಪೂರ್ಣದ 'ಅ' ಇದ್ದಲ್ಲಿ ಇಂಗ್ಲಿಷಿನ ಸಿ, 'ನ' ಇದ್ದಲ್ಲಿ ಪೌಂಡಿನ ಗುರುತು, 'ಪ' ಇದ್ದಲ್ಲಿ ಯೆನ್ ಗುರುತು. ಅದಕ್ಕೇ ಅಕ್ಷರವನ್ನು ಅಕ್ಷರವಾಗಿ ಕಳಿಸಬಾರದು, ಗೆರೆಯಾಗಿ ಮಾಡಿ ಕಳಿಸಬೇಕು. ಕೋರೆಲ್ ಡ್ರಾದಲ್ಲಿ ಕನ್ವರ್ಟ್ ಟು ಕರ್ವ್ಸ್, ಇಂಕ್‌ಸ್ಕೇಪ್‌ನಲ್ಲಿ ಆಬ್ಜೆಕ್ಟ್ ಟು ಪಾತ್. ಇದು ಹೆಚ್ಚಿನವರಿಗೆ ಗೊತ್ತು.

ಗೊತ್ತಿಲ್ಲದ್ದು ಇದರ ಮುಂದಿನದು. ಅ, ನ್ನ, ಪೂ, ರ್ಣ ಅಂತ ನಾವು ಓದುವ ನಾಲ್ಕು ಅಕ್ಷರ ನುಡಿಯಲ್ಲಿ ಒಂಬತ್ತು ತುಣುಕು. ನಕಾರದ ಮೈ ಒಂದು, ಅದರ ತಲೆಕಟ್ಟು ಇನ್ನೊಂದು, ಕೆಳಗಿನ ಒತ್ತು ಮತ್ತೊಂದು. ಪಕಾರದ ಮೈ, ಅದರ ತಲೆಕಟ್ಟು, ದೀರ್ಘದ ಕೊಂಬು. ಣಕಾರ, ಅದರ ಪಕ್ಕಕ್ಕೆ ಅರ್ಕಾವತ್ತು. ಸಂದು ಕಾಣಬಾರದು ಅಂತ ಈ ತುಣುಕುಗಳು ಒಂದರ ಮೇಲೊಂದು ಕೂದಲೆಳೆಯಷ್ಟು ಹತ್ತಿ ಕೂತಿರುತ್ತವೆ. ಕಾಗದದ ಮೇಲೆ ಕಪ್ಪಿನ ಮೇಲೆ ಕಪ್ಪು ಬಿದ್ದರೆ ಏನು ನಷ್ಟ? ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ ನನಗೆ ಅದು ಗೊತ್ತೇ ಆಗಿರಲಿಲ್ಲ. ಮರದಲ್ಲಿ ಆ ಕೂದಲೆಳೆ ಹಾಗೇ ಎದ್ದು ಕಾಣುತ್ತೆ. ಎರಡು ಗೆರೆ ಒಂದನ್ನೊಂದು ದಾಟಿದ ಜಾಗವನ್ನು ಸಾಫ್ಟ್‌ವೇರ್ ತೂತು ಅಂತ ತಿಳಿದುಕೊಳ್ಳುತ್ತೆ, ಅಲ್ಲಿಗೆ ಬಿಟ್, ಅಂದರೆ ಮರ ಕೊರೆಯುವ ಮೊನೆ, ಇಳಿಯೋದೇ ಇಲ್ಲ. ನಾನು ಮೊದಲು ಕೊರೆದ ಬೋರ್ಡಿನಲ್ಲಿ ಪ್ರತಿ ತಲೆಕಟ್ಟಿನ ಬುಡದಲ್ಲೂ ಅಕ್ಕಿಕಾಳಿನ ಮೂತಿಯಷ್ಟು ಮರ ಉಳಿದುಕೊಂಡಿತ್ತು. ಎಲ್ಲವನ್ನೂ ಕೂತು ಸಣ್ಣ ಉಳಿಯಲ್ಲಿ ತೆಗೆದೆ. ತೆಗೆದ ಜಾಗ ಇವತ್ತಿಗೂ ಗೊತ್ತಾಗುತ್ತೆ.

ಇದಕ್ಕೆ ಮದ್ದು ಸುಲಭ. ಕೋರೆಲ್‌ನಲ್ಲಿ ವೆಲ್ಡ್, ಇಂಕ್‌ಸ್ಕೇಪ್‌ನಲ್ಲಿ ಯೂನಿಯನ್. ತುಣುಕುಗಳು ಕರಗಿ ಒಂದು ಅಕ್ಷರಕ್ಕೆ ಒಂದೇ ಹೊರಗೆರೆ ಆಗುತ್ತೆ. ಆದರೆ ವೆಲ್ಡ್ ಮಾಡಿದ ಮೇಲೆ ನಿಂತು ನೋಡಬೇಕು. ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗಬಾರದ ಕಡೆ ತಾಗಿದ್ದರೆ ಅದೂ ಬೆಸೆದುಕೊಂಡಿರುತ್ತೆ. ಅನ್ನಪೂರ್ಣದಲ್ಲಿ ಎರಡನೇ ನಕಾರದ ಒತ್ತು ಹಾಗೆ ಅಂಟಿತ್ತು. ಅದನ್ನು ಬಿಡಿಸಿ, ಒಂದು ಮಿಲಿಮೀಟರ್ ಕೆಳಕ್ಕೆ ಇಳಿಸಿದ ಮೇಲೆ ಅಕ್ಷರಕ್ಕೆ ಉಸಿರಾಡಲು ಜಾಗ ಸಿಕ್ಕಿತು.

ಹೀಗೆ ಯೋಚಿಸುತ್ತ ಯೋಚಿಸುತ್ತ ನನಗೆ ಒಂದು ವಿಷಯ ಗಟ್ಟಿಯಾಗಿದೆ. ನೋಡುವುದಕ್ಕೆ ಬರೆದ ಗೆರೆ ಬೇರೆ, ಕೊರೆಯುವುದಕ್ಕೆ ಬರೆದ ಗೆರೆ ಬೇರೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ಲೇ ಎಡವುವುದು. ಗೆರೆಗೆ ಐದು ಮಿಲಿಮೀಟರ್ ದಪ್ಪ ಕೊಟ್ಟರೆ ಚಿತ್ರದಲ್ಲಿ ದಪ್ಪವಾಗಿ ಕಾಣುತ್ತೆ, ಇಂಪೋರ್ಟ್ ಆಗುವಾಗ ದಪ್ಪ ಉದುರಿಹೋಗಿ ನಡುಗೆರೆ ಮಾತ್ರ ಉಳಿಯುತ್ತೆ. ಎರಡು ತುದಿ ಸೇರಿದಂತೆ ಕಾಣುವ ವೃತ್ತದ ನಡುವೆ ಅರ್ಧ ಮಿಲಿಮೀಟರ್ ಬಾಯಿ ತೆರೆದಿದ್ದರೂ ಸಾಫ್ಟ್‌ವೇರಿಗೆ ಅದು ವೃತ್ತವಲ್ಲ, ಬಾಗಿದ ಒಂದು ದಾರ. ಅದಕ್ಕೆ ಒಳಗು ಹೊರಗು ಇಲ್ಲ, ಹಾಗಾಗಿ ಒಳಗನ್ನು ತೋಡು ಅಂದರೆ ತೋಡುವುದಿಲ್ಲ. ಜಾಲಿ ಕಟಿಂಗಿಗೆ ಬರುವ ಡ್ರಾಯಿಂಗುಗಳಲ್ಲಿ ಅಕ್ಕಪಕ್ಕದ ಎರಡು ಚೌಕಕ್ಕೆ ನಡುವಿನ ಗೆರೆಯನ್ನು ಎರಡು ಸಲ ಎಳೆದಿರುತ್ತಾರೆ. ಮಷೀನು ನಿಷ್ಠೆಯಿಂದ ಎರಡು ಸಲ ಓಡುತ್ತೆ, ಎರಡನೇ ಸಲಕ್ಕೆ ಎಂಡಿಎಫ್‌ನ ಸಣ್ಣ ಪಟ್ಟಿ ಮುರಿದು ಹಾರುತ್ತೆ.

ಆಚಾರ್ರ ಕೈಗೆ ಇದೇ ಕಾಗದ ಕೊಟ್ಟಿದ್ದರೆ? ಬಾಯಿ ತೆರೆದ ವೃತ್ತವನ್ನು ಅವರ ಉಳಿ ತಾನೇ ಮುಚ್ಚುತ್ತಿತ್ತು. ಎರಡು ಗೆರೆ ಇದ್ದಲ್ಲಿ ಒಂದು ಅಂತಲೇ ಓದುತ್ತಿದ್ದರು. ಹದಿನೆಂಟು ಇಂಚಿನ ಡ್ರಾಯಿಂಗು ಕೊಟ್ಟಿದ್ದರೆ "ಮೇಷ್ಟ್ರು ಇಪ್ಪತ್ನಾಲ್ಕು ಅಂದಿದ್ರಲ್ಲ" ಅಂತ ಮರ ಮುಟ್ಟುವ ಮುಂಚೆಯೇ ಕೇಳುತ್ತಿದ್ದರು. ಕೈಕೆತ್ತನೆಯಲ್ಲಿ ಈ ತಿದ್ದುವ ಕೆಲಸ ಉಳಿಯ ತುದಿಯಲ್ಲಿ ನಡೆಯುತ್ತಿತ್ತು, ಯಾರೂ ಅದನ್ನು ಬೇರೆ ಕೆಲಸ ಅಂತ ಎಣಿಸಲಿಲ್ಲ. ಮಷೀನು ಬಂದ ಮೇಲೆ ಆ ಕೆಲಸ ಇಂಪೋರ್ಟ್ ಮಾಡುವ ಹತ್ತು ನಿಮಿಷಕ್ಕೆ ಬಂದು ಕೂತಿದೆ. ಗಿರಾಕಿ ಆ ಹತ್ತು ನಿಮಿಷಕ್ಕೆ ದುಡ್ಡು ಕೊಡುವುದಿಲ್ಲ, ಎಷ್ಟೋ ಶೆಡ್ಡುಗಳಲ್ಲಿ ಅದನ್ನು ಮಾಡುವವರೂ ಇಲ್ಲ. ಪೆನ್‌ಡ್ರೈವ್ ತಂದುಕೊಟ್ಟು "ಹಾಕಿಬಿಡಿ ಮೇಡಂ, ಫೈಲ್ ರೆಡಿ ಇದೆ" ಅನ್ನುತ್ತಾರೆ. ಫೈಲು ರೆಡಿ ಇರುವುದು ನೋಡುವುದಕ್ಕೆ.

ಮೈಸೂರಿಗೆ ಹೋದಾಗಲೆಲ್ಲ ಸಾಧ್ಯವಾದರೆ ಅರಮನೆಗೆ ಹೋಗುತ್ತೇನೆ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋದ ಮೇಲೆ ಕಟ್ಟಿ, 1912ರಲ್ಲಿ ಮುಗಿಸಿದ ಅರಮನೆ ಈಗಿನದು. ಅಂಬಾವಿಲಾಸಕ್ಕೆ ಹೋಗುವ ಕಡೆ ಬೀಟೆ ಮರದ ಬಾಗಿಲಲ್ಲಿ ದಂತ ಕೂರಿಸಿದ್ದಾರೆ. ಜನ ದೀಪ, ಬಣ್ಣದ ಗಾಜು ನೋಡುತ್ತ ಹೋಗುತ್ತಾರೆ, ನಾನು ಆ ಬಾಗಿಲ ಹತ್ತಿರ ನಿಲ್ಲುತ್ತೇನೆ. ಮೈಸೂರಿನ ಇನ್‌ಲೇ ಕೆಲಸದಲ್ಲಿ ಕಪ್ಪು ಮರಕ್ಕೂ ಬಿಳಿ ತುಣುಕಿಗೂ ನಡುವೆ ಇರುವುದು ಒಂದೇ ಗೆರೆ. ಒಬ್ಬರು ಆ ಗೆರೆ ಹಿಡಿದು ಮರ ತೋಡಬೇಕು, ಅದೇ ಗೆರೆ ಹಿಡಿದು ತುಣುಕನ್ನೂ ಕತ್ತರಿಸಬೇಕು. ಎರಡೂ ಒಂದೇ ಗೆರೆಯನ್ನು ಓದಿದರೆ ಮಾತ್ರ ತುಣುಕು ಗುಳಿಯಲ್ಲಿ ಕೂರುತ್ತೆ. ಈಗ ದಂತದ ವ್ಯಾಪಾರ ನಿಷಿದ್ಧ, ಬಿಳಿಗೆ ಬೇರೆ ಸಾಮಾನು ಬಳಸುತ್ತಾರೆ. ಮೈಸೂರು ಬೀಟೆ ಇನ್‌ಲೇಗೆ ಜಿಐ ಟ್ಯಾಗ್ ಕೂಡ ಇದೆ. ಗೆರೆಯ ಶಿಸ್ತು ಮಾತ್ರ ಅದೇ.

ನಾನೂ ಒಮ್ಮೆ ರೂಟರಿನಲ್ಲಿ ಇನ್‌ಲೇ ಮಾಡಲು ಹೋಗಿ, ಒಂದೇ ವೆಕ್ಟರನ್ನು, ಅಂದರೆ ಕಂಪ್ಯೂಟರಿನಲ್ಲಿ ಬರೆದ ಒಂದೇ ಗೆರೆಯನ್ನು, ಗುಳಿಗೂ ತುಣುಕಿಗೂ ಬಳಸಿದೆ. ತುಣುಕು ಕೂರಲಿಲ್ಲ. ಬಿಟ್ ದುಂಡಗಿರುತ್ತಲ್ಲ. ಮೂರು ಮಿಲಿಮೀಟರ್ ಬಿಟ್ ಗುಳಿಯ ಒಳಮೂಲೆಯಲ್ಲಿ ಒಂದೂವರೆ ಮಿಲಿಮೀಟರ್ ತ್ರಿಜ್ಯದ ದುಂಡು ಉಳಿಸುತ್ತೆ, ತುಣುಕಿನ ಹೊರಮೂಲೆ ಮಾತ್ರ ಚೂಪಾಗಿಯೇ ಬರುತ್ತೆ. ಗೆರೆಯನ್ನು ಅಲ್ಲಿ ಮೊದಲೇ ದುಂಡಗೆ ಬರೆದಿರಬೇಕಿತ್ತು. ಕೊನೆಗೆ ಆಚಾರ್ರು ಉಳಿ ತಂದು ಮೂಲೆ ಬಿಡಿಸಿಕೊಟ್ಟರು.

ಇನ್ನು ಟ್ರೇಸಿಂಗ್, ಅಂದರೆ ಫೋಟೋದಿಂದ ಗೆರೆ ಎತ್ತುವುದು. ಮದುವೆ ಮಂಟಪದವರೊಬ್ಬರು ಫೋನಿನಲ್ಲಿ ತೆಗೆದ ಗಂಡಭೇರುಂಡದ ಫೋಟೋ ಕಳಿಸಿ, ಹೀಗೇ ಬೇಕು ಅಂದರು. ಫೋಟೋವನ್ನು ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ಗೆ ಕೊಟ್ಟೆ. ಒಂದು ನಿಮಿಷದಲ್ಲಿ ವೆಕ್ಟರ್ ಬಂತು, ಆರು ಸಾವಿರ ಚಿಲ್ಲರೆ ನೋಡ್‌ಗಳ, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದುಗಳ, ಸಮೇತ. ಫೋಟೋದ ಧೂಳು, ನೆರಳು, ಗೋಡೆಯ ಬಿರುಕು ಎಲ್ಲವೂ ಗೆರೆಯಾಗಿತ್ತು. ಹಾಗೇ ಓಡಿಸಿದಾಗ ಮಷೀನು ನಡುಗತೊಡಗಿತು. ಮಷೀನಿಗೆ ಗೊತ್ತಿರುವುದು ಎರಡೇ ನಡಿಗೆ, ನೇರಗೆರೆ ಮತ್ತು ವೃತ್ತದ ತುಂಡು. ಬಳುಕಿನ ಗೆರೆಯನ್ನೆಲ್ಲ ಸಾಫ್ಟ್‌ವೇರು ಅವೆರಡಕ್ಕೆ ಒಡೆದು ಕೊಡಬೇಕು. ಆರು ಸಾವಿರ ನೋಡ್ ಇದ್ದರೆ ಹೆಜ್ಜೆ ಹೆಜ್ಜೆಗೂ ತಡೆದು ತಿರುಗಬೇಕಾಗುತ್ತೆ. ನಿಂತಲ್ಲಿ ಬಿಟ್ ಮರ ಕತ್ತರಿಸುವುದಿಲ್ಲ, ಉಜ್ಜುತ್ತೆ. ಗರಿಗಳ ತುದಿಯಲ್ಲೆಲ್ಲ ಕಂದು ಸುಟ್ಟ ಕಲೆ.

ಸಿಂಪ್ಲಿಫೈ ಒತ್ತಿದೆ. ನೋಡ್ ಕಡಿಮೆಯಾದವು, ಜೊತೆಗೆ ಕೊಕ್ಕಿನ ಚೂಪೂ ಹೋಯಿತು. ಕೊನೆಗೆ ಫೋಟೋವನ್ನು ಕೆಳಗಿಟ್ಟು ಒಂದು ಪಕ್ಕವನ್ನು ಕೈಯಲ್ಲೇ ಬರೆದೆ, ಇನ್ನೊಂದು ಪಕ್ಕಕ್ಕೆ ಅದನ್ನೇ ಮಗುಚಿದೆ. ಬಾಗು ತಿರುಗುವ ಕಡೆ ಮಾತ್ರ ಒಂದೊಂದು ನೋಡ್. ಮುನ್ನೂರಕ್ಕೆ ಮುಗಿಯಿತು. ಆಚಾರ್ರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನೋಡಿ, "ಇದೇ ಅಲ್ವಾ ನಾವು ಕೈವಾರದಾಗೆ ಮಾಡೋದು" ಅಂದರು. ನಿಜ. ಅವರು ಕೈವಾರದ ಮುಳ್ಳನ್ನು ಎಲ್ಲಿ ಊರುತ್ತಾರೋ ಅದು ಮುಖ್ಯ, ಗೆರೆ ತಾನಾಗಿ ಬರುತ್ತೆ. ನಾನು ಎಳೆಯುವ ಗೆರೆ ಬೆಜಿಯೆ ಗೆರೆ. ಫ್ರಾನ್ಸಿನ ರೆನೋ ಕಾರ್ಖಾನೆಯಲ್ಲಿ ಕಾರಿನ ಮೈಯನ್ನು ಲೆಕ್ಕದಲ್ಲಿ ಹಿಡಿಯಲು ಪಿಯೆರ್ ಬೆಜಿಯೆ ಬಳಸಿದ ಗೆರೆ, ಸಿಟ್ರೊಯೆನ್‌ನಲ್ಲಿ ಪಾಲ್ ದ ಕಾಸ್ತೆಲ್ಜೊ ಕೂಡ ಅದನ್ನೇ ಕಂಡುಕೊಂಡಿದ್ದರು. ನಾಲ್ಕೇ ನೋಡ್‌ನಲ್ಲಿ ಒಂದು ವೃತ್ತ ಬರುತ್ತೆ. ಪೂರ್ತಿ ನಿಜವಾದ ವೃತ್ತವಲ್ಲ, ತ್ರಿಜ್ಯದ ನೂರಕ್ಕೆ 0.027ರಷ್ಟು ತಪ್ಪುತ್ತೆ. ಒಂದಡಿ ವೃತ್ತದಲ್ಲಿ ಅದು 0.04 ಮಿಲಿಮೀಟರ್. ತೇಗ ಮಳೆಗಾಲದಲ್ಲಿ ಉಬ್ಬುವುದು ಅದಕ್ಕಿಂತ ಹೆಚ್ಚು.

ಅನ್ನಪೂರ್ಣಕ್ಕೆ ಬರುತ್ತೇನೆ. ಆವತ್ತು ಸಂಜೆಯೇ ಮೇಷ್ಟ್ರಿಗೆ ಫೋನ್ ಮಾಡಿ ಆದದ್ದು ಹೇಳಿದೆ. "ಇನ್ನೊಂದು ಹಲಗೆ ಇದೆಯಲ್ಲಮ್ಮ, ನಿಧಾನವಾಗಿ ಮಾಡು" ಅಂದರು. ಪಾಠ ಹೇಳಿದ ದನಿ. ಮಾರನೇ ದಿನ 24 ಇಂಚಿಗೆ ಸರಿಮಾಡಿ, ಚೌಕ ಅಳೆದು, ಆಳವನ್ನೂ ಮತ್ತೆ ಲೆಕ್ಕ ಹಾಕಿದೆ. ವಿ ಆಕಾರದ ಚೂಪು ಬಿಟ್‌ನಲ್ಲಿ ಅಕ್ಷರದ ದಪ್ಪವೇ ಆಳವನ್ನು ತೀರ್ಮಾನಿಸುತ್ತೆ. 90 ಡಿಗ್ರಿಯ ಬಿಟ್ ಆದರೆ ದಪ್ಪದ ಅರ್ಧ ಆಳ. ಹಾಳಾದ ಹಲಗೆಯಲ್ಲಿ ಅಕ್ಷರದ ಅತಿ ದಪ್ಪ 10 ಮಿಲಿಮೀಟರ್, ಆಳ 5. ಹೊಸದರಲ್ಲಿ ಆಳ ಆರೂಮುಕ್ಕಾಲಿನ ಹತ್ತಿರ. 60 ಡಿಗ್ರಿಯ ಬಿಟ್ ಹಾಕಿದ್ದರೆ ಹನ್ನೊಂದೂವರೆಗೆ ಇಳಿದು, ಒಂದಿಂಚಿನ ಹಲಗೆ ಅರ್ಧಕ್ಕರ್ಧ ಸೀಳಿದ ಹಾಗೆ ಆಗುತ್ತಿತ್ತು. ಮಧ್ಯಾಹ್ನ ಕರೆಂಟು ಹೋಗುವ ಮುಂಚೆ ಕೊರೆದು ಮುಗಿಸಿದೆ. ಆಚಾರ್ರು ಟೇಪು ಇಟ್ಟರು. ಇಪ್ಪತ್ನಾಲ್ಕು, ನಾಲ್ಕು. ಏನೂ ಹೇಳದೆ ಪಾಲಿಶ್ ಡಬ್ಬಿ ತೆಗೆದರು.

ಮೊದಲ ಹಲಗೆಯನ್ನು ಏನು ಮಾಡುವುದು ಅಂತ ಮೇಷ್ಟ್ರನ್ನು ಕೇಳಿದಾಗ, ದೇವರ ಮನೆಗೆ ಒಂದು ಮಣೆ ಆಗಲಿ ಅಂದರು. ಆಚಾರ್ರು ಅದನ್ನು ಬೆಂಚಿಗೆ ಬಿಗಿದು ಉಜ್ಜುಗೊರಡು ಎತ್ತಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದೊಂದು ಸುರುಳಿ ಬಂದ ಹಾಗೂ ಅಕ್ಷರ ಸಣ್ಣಗಾಗುತ್ತ ಹೋಯಿತು. ವಿ ಆಕಾರದ ತೋಡು ಅಲ್ಲವೇ, ಮೇಲಿಂದ ಸವೆದಷ್ಟೂ ಎರಡೂ ದಡ ಹತ್ತಿರ ಬರುತ್ತವೆ. ಮೂರು ಮಿಲಿಮೀಟರ್ ಹೋದಾಗ ಒತ್ತಕ್ಷರದ ಬಾಲ, ತಲೆಕಟ್ಟಿನ ತುದಿ ಮಾಯವಾದವು. ನಾಲ್ಕು ಹೋದಾಗ ಅಕ್ಷರದ ದಪ್ಪವಿದ್ದ ಕಡೆಯೆಲ್ಲ ನಟ್ಟನಡುವೆ ಒಂದು ಎಳೆ ಮಾತ್ರ ಉಳಿಯಿತು, ಎರಡು ಮಿಲಿಮೀಟರ್ ಅಗಲ. ಬಿಟ್‌ನ ತುದಿ ನಡೆದುಹೋಗಿದ್ದ ದಾರಿ ಅದೇ. ಪರದೆಯ ಮೇಲೆ ನೀಲಿ ಬಣ್ಣದಲ್ಲಿ ಕಾಣುತ್ತಿದ್ದ ಟೂಲ್‌ಪಾತ್ ತೇಗದ ಮೇಲೆ ಬರೆದ ಹಾಗೆ ಇತ್ತು. ಗೊತ್ತಿದ್ದವರು ಅದರಲ್ಲಿ ಅ, ಪೂ, ಣ ಓದಬಹುದಿತ್ತು.

ಆಚಾರ್ರು ಗೊರಡು ನಿಲ್ಲಿಸಿ, ಹೆಬ್ಬೆರಳಿನಿಂದ ಆ ಎಳೆ ಸವರಿ ನೋಡಿದರು.

"ಇನ್ನೊಂದು ಸುತ್ತು ಹೊಡುದ್ರೆ ಪೂರಾ ಹೋಯ್ತದೆ. ತೆಗಿಲಾ, ಬುಡ್ಲಾ?"

"ಬಿಡಿ ಆಚಾರ್ರೇ," ಅಂದೆ.